ಆಟ ಕಟ್ಟುವವರಿಗೆ ಪತ್ತನಾಜೆ ಯಾವಾಗ?

ವಿಡಿಯೊ ಗೇಮ್ ಕಂಪನಿಗಳ ಒಳಮನೆಯ ಸುದ್ದಿ ಎಂದರೆ ಯಾರ ಕಿವಿಯೂ ನಿಮಿರುತ್ತದೆ. ಅಮೆರಿಕದ ವಾಲ್ವ್ ಕಂಪನಿಯಲ್ಲಿ ಮೇಜುಗಳಿಗೆಲ್ಲ ಚಕ್ರ. ಯಾರಿಗೆ ಯಾವ ಗುಂಪಿನ ಕೆಲಸ ಹಿಡಿಸುತ್ತದೋ ಅಲ್ಲಿಗೆ ಮೇಜು ತಳ್ಳಿಕೊಂಡು ಹೋದರಾಯಿತು, ಮೇಲಧಿಕಾರಿ ಅಂತ ಯಾರೂ ಇಲ್ಲ ಎಂದು 2012ರಲ್ಲಿ ಹೊರಬಿದ್ದ ಅಲ್ಲಿನ ನೌಕರರ ಕೈಪಿಡಿ ಹೇಳಿತ್ತು. ‘ಕ್ಲ್ಯಾಷ್ ಆಫ್ ಕ್ಲ್ಯಾನ್ಸ್’ ಮಾಡಿದ ಫಿನ್ಲೆಂಡಿನ ಸೂಪರ್‌ಸೆಲ್‌ನಲ್ಲಿ ಅರ್ಧಕ್ಕೆ ಕೈಬಿಟ್ಟ ಗೇಮಿಗೆ ಷಾಂಪೇನ್ ಬಾಟಲಿ ತೆರೆಯುತ್ತಾರೆ. ಎಪ್ಪತ್ತರ ದಶಕದ ಅಟಾರಿಯವರು ಬಿಸಿನೀರಿನ ತೊಟ್ಟಿಯಲ್ಲಿ ಕೂತು ಮೀಟಿಂಗ್ ನಡೆಸುತ್ತಿದ್ದರು. ಇಂಥವು ಸುಳ್ಳಲ್ಲ, ಓದಲಿಕ್ಕೆ ಚಂದವೂ ಹೌದು. ಆದರೆ ಅಲ್ಲಿ ಕೆಲಸ ಮಾಡುವವನ ಬದುಕಿನ ಬಗ್ಗೆ ಇವು ಹೇಳುವುದು ಅತಿ ಕಡಿಮೆ. ವಾಲ್ವ್‌ನಲ್ಲಿ ಹಾರ್ಡ್‌ವೇರ್ ವಿಭಾಗದಲ್ಲಿದ್ದು 2013ರಲ್ಲಿ ಕೆಲಸ ಕಳೆದುಕೊಂಡ ಜೆರಿ ಎಲ್ಸ್‌ವರ್ತ್, ಮೇಲಧಿಕಾರಿಗಳೇ ಇಲ್ಲ ಎನ್ನುವ ಆ ಕಂಪನಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಧಿಕಾರದ ಪದರ ಇತ್ತು, ಅದು ಹೈಸ್ಕೂಲಿನ ಗುಂಪುಗಾರಿಕೆಯ ಹಾಗಿತ್ತು ಎಂದು ಬಹಿರಂಗವಾಗಿಯೇ ಹೇಳಿದರು. ಮೇಜಿನ ಚಕ್ರ ಅವರನ್ನು ಕಾಯಲಿಲ್ಲ. ಒಂದು ಗೇಮ್ ಕಂಪನಿಯ ಒಳಗು ಹೇಗಿದೆ ಎಂದು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಕೆಲಸ ಯಾವತ್ತು ಮುಗಿಯುತ್ತದೆ?

ಈ ಪ್ರಶ್ನೆಯನ್ನು ಉಡುಪಿಯಲ್ಲಿ ನಿಂತು ಕೇಳಲಿಕ್ಕೆ ಕಾರಣ ಉಂಟು. ರೋಹಿತ್ ಭಟ್ ಉಡುಪಿಯಲ್ಲಿ ರೋಬೊಸಾಫ್ಟ್ ಆರಂಭಿಸಿದ್ದು 1996ರಲ್ಲಿ. ಆಗ ಉಡುಪಿ ಜಿಲ್ಲೆಯೇ ಆಗಿರಲಿಲ್ಲ. ದಕ್ಷಿಣ ಕನ್ನಡದಿಂದ ಅದು ಬೇರೆಯಾದದ್ದು ಮರುವರ್ಷ. ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವುದರಿಂದ ಶುರುವಾದ ಆ ಕಂಪನಿಯ ಒಡಲಿನಿಂದಲೇ ನೈಂಟಿನೈನ್ ಗೇಮ್ಸ್ ಹುಟ್ಟಿತು. ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ. ನೈಂಟಿನೈನ್ ಹುಟ್ಟಿದ್ದೂ ಆ ಹೊತ್ತಿನಲ್ಲೇ, ಮತ್ತು ಈ ಕಾಲದ ಹೊಂದಾಣಿಕೆಯೇ ಮುಖ್ಯ. ಅದಕ್ಕೆ ಮೊದಲು ಗೇಮ್ ಎಂದರೆ ಡಿಸ್ಕು, ಪೆಟ್ಟಿಗೆ, ವಿದೇಶದ ಪ್ರಕಾಶಕ, ಅಂಗಡಿ. ಆಮೇಲೆ ಉಡುಪಿ ಸಮೀಪದ ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿ ಕೂತವನಿಗೂ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೂತವನಿಗೂ ಗಿರಾಕಿ ಅಷ್ಟೇ ದೂರ. 2013ರ ಡಿಸೆಂಬರಿನಲ್ಲಿ ಯಶ್‌ರಾಜ್ ಸಂಸ್ಥೆಯ ‘ಧೂಮ್ 3’ ಸಿನಿಮಾದ ಜೊತೆ ಬಂದ ಬೈಕ್ ಓಟದ ಗೇಮ್ ಇವರದೇ. ಒಂದು ಕೋಟಿಗೂ ಹೆಚ್ಚು ಡೌನ್‌ಲೋಡ್ ಕಂಡಿತು. 2014ರಲ್ಲಿ ಬಂದದ್ದು ‘ಸ್ಟಾರ್ ಶೆಫ್’, ಹೋಟೆಲ್ ನಡೆಸುವ ಆಟ. ಮಸಾಲೆದೋಸೆಯನ್ನು ದೇಶಕ್ಕೆಲ್ಲ ಹಂಚಿದ ಊರು ಜಗತ್ತಿನ ಮೊಬೈಲುಗಳಿಗೆ ಅಡುಗೆಮನೆಯ ಆಟವನ್ನೂ ಕೊಟ್ಟಿತು ಎಂದು ಪತ್ರಿಕೆಗಳು ಬರೆದರೆ ತಪ್ಪೇನಿಲ್ಲ. ರೋಬೊಸಾಫ್ಟನ್ನು 2021ರಲ್ಲಿ ಜಪಾನಿನ ಟೆಕ್ನೊಪ್ರೊ 805 ಕೋಟಿ ರೂಪಾಯಿಗೆ ಕೊಂಡದ್ದು ಆ ಕಥೆಯ ಇನ್ನೊಂದು ಕವಲು.

ಹೋಟೆಲ್ ನಡೆಸುವ ಗೇಮ್ ಆಡುವವನಿಗೆ ಹಗುರ. ಕಟ್ಟುವವನಿಗೆ ಅದು ಮುಗಿಯದ ಲೆಕ್ಕದ ಪುಸ್ತಕ. ಈ ಜಾತಿಯ ಆಟಗಳ ಹಿಂದೆ ಒಂದು ದೊಡ್ಡ ಕೋಷ್ಟಕ ಇರುತ್ತದೆ. ಪ್ರತಿ ಸಾಲಿಗೆ ಒಂದು ತಿನಿಸು. ಎದುರಿಗೆ ಅದು ಬೇಯಲು ಎಷ್ಟು ಸೆಕೆಂಡು, ಯಾವ ಒಲೆಯ ಮೇಲೆ, ಎಷ್ಟು ನಾಣ್ಯ ಗಳಿಕೆ, ಎಷ್ಟನೇ ಹಂತದಲ್ಲಿ ತೆರೆದುಕೊಳ್ಳಬೇಕು. ಒಂದು ಸಾರಿನ ಸಮಯವನ್ನು ಎರಡು ನಿಮಿಷದಿಂದ ಮೂರಕ್ಕೆ ಏರಿಸಿದರೆ ಹದಿನೈದನೇ ಹಂತದಲ್ಲಿ ಆಟಗಾರರು ಬೇಸತ್ತು ಬಿಟ್ಟುಹೋಗಬಹುದು, ಒಂದಕ್ಕೆ ಇಳಿಸಿದರೆ ನಾಣ್ಯಕ್ಕೆ ಬೆಲೆಯೇ ಇಲ್ಲದಂತಾಗಬಹುದು. ಆಟ ಪುಕ್ಕಟೆ; ಆಡುವವರಲ್ಲಿ ನೂರಕ್ಕೆ ಬೆರಳೆಣಿಕೆಯ ಮಂದಿ ಮಾತ್ರ ದುಡ್ಡು ಕೊಟ್ಟು ವಜ್ರವನ್ನೋ ನಾಣ್ಯವನ್ನೋ ಕೊಳ್ಳುವವರು. ಆ ಕೆಲವರು ಬಿಟ್ಟುಹೋಗದಂತೆ ಹೊಸ ತಿನಿಸು, ಹಬ್ಬದ ಸ್ಪರ್ಧೆ, ಅಲಂಕಾರ ಬರುತ್ತಲೇ ಇರಬೇಕು. ಈ ದಂಧೆಯಲ್ಲಿ ಇದಕ್ಕೆ ಲೈವ್ ಆಪ್ಸ್ ಎನ್ನುತ್ತಾರೆ. ಅಂದರೆ ಗೇಮ್ ಬಿಡುಗಡೆಯಾದ ದಿನ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಅಮೆರಿಕದ ಆಟಗಾರ ಹಗಲು ಆಡುವ ಹೊತ್ತಿಗೆ ಇಲ್ಲಿ ನಡುರಾತ್ರಿ. ಕ್ರಿಸ್‌ಮಸ್ ಸ್ಪರ್ಧೆಯ ನಡುವೆ ಆಟ ಕೆಟ್ಟು ನಿಂತರೆ ಏಳಬೇಕಾದವನು ಕಾರ್ಕಳದ ಮನೆಯಲ್ಲಿ ಮಲಗಿರುವವನು.

ಮನರಂಜನೆಯ ಉದ್ಯಮ ಉಡುಪಿಗೆ ಹೊಸತಲ್ಲ. ಯಕ್ಷಗಾನ ಮೇಳ ಎಂದರೆ ಕಲೆ ಎಂದಷ್ಟೇ ಮಾತಾಡುವುದು ನಮಗೆ ರೂಢಿ; ಅದು ಸಂಬಳ, ಮುಂಗಡ, ಯಜಮಾನ, ಕರಾರು ಎಲ್ಲ ಇರುವ ಕೆಲಸದ ಜಾಗವೂ ಹೌದು. ಅದರ ಒಳಮನೆಗೆ ಚೌಕಿ ಎಂದು ಹೆಸರು. ಅಲ್ಲಿನ ಸ್ವಾರಸ್ಯ ಯಾವ ಗೇಮ್ ಕಂಪನಿಗೂ ಕಡಿಮೆಯಿಲ್ಲ: ಗಣಪತಿ ಪೂಜೆಯಾಗದೆ ಆಟ ಏಳುವುದಿಲ್ಲ, ಯಾರ ಪೆಟ್ಟಿಗೆ ಎಲ್ಲಿ ಎಂಬುದಕ್ಕೆ ವೇಷದ ಪ್ರಕಾರ ಸ್ಥಾನ ಉಂಟು, ಮೇಳ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಮಾಡಿ ಮಾಡಿ ಪುಂಡುವೇಷಕ್ಕೆ ಬರಬೇಕು. ಬಣ್ಣದ ವೇಷದವರು ಗಂಟೆಗಟ್ಟಲೆ ತಮ್ಮ ಮುಖಕ್ಕೆ ತಾವೇ ಚಿಟ್ಟಿ ಇಡುತ್ತಾರೆ. ಆದರೆ ಚೌಕಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಯಾವುದೂ ಅಲ್ಲ, ಪತ್ತನಾಜೆ. ದೀಪಾವಳಿಯ ನಂತರ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟ ಮೇಳ ತುಳುವರ ಬೇಶ ತಿಂಗಳ ಹತ್ತರಂದು, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತದೆ. ಎಷ್ಟೇ ಹರಕೆ ಆಟ ಬಾಕಿ ಇರಲಿ, ಎಷ್ಟೇ ವೀಳ್ಯ ಬಂದಿರಲಿ, ಆ ದಿನ ಆ ವರ್ಷದ ತಿರುಗಾಟ ಮುಗಿಯಿತು. ಕಟೀಲು, ಮಂದಾರ್ತಿಯಂಥ ಮೇಳಗಳಲ್ಲಿ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವವರ ಸಾಲು ಇದೆ. ಬೇಡಿಕೆ ಇದೆ ಎಂಬ ಕಾರಣಕ್ಕೆ ಮಳೆಗಾಲದಲ್ಲೂ ಊರೂರು ತಿರುಗೋಣ ಎಂದು ಈ ಮೇಳಗಳು ಹೊರಡಲಿಲ್ಲ. ಬೇಡಿಕೆಗೆ ಮೇಳಗಳ ಸಂಖ್ಯೆ ಹೆಚ್ಚಿಸಿದರೇ ಹೊರತು ಪತ್ತನಾಜೆಯನ್ನು ಮುಂದೆ ತಳ್ಳಲಿಲ್ಲ. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಇದು ದೊಡ್ಡ ನಿರ್ಧಾರ.

ಗೇಮ್ ಉದ್ಯಮಕ್ಕೆ ಇಂಥ ದಿನವೇ ಇಲ್ಲ. ಅಲ್ಲಿರುವುದು ಬಿಡುಗಡೆಯ ದಿನ, ಮತ್ತು ಅದಕ್ಕೆ ಮುಂಚಿನ ತಿಂಗಳುಗಳ ಕ್ರಂಚ್: ವಾರಕ್ಕೆ ಎಪ್ಪತ್ತು, ಎಂಬತ್ತು ಗಂಟೆಗಳ ದುಡಿಮೆ. 2004ರ ನವೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ನೌಕರನೊಬ್ಬನ ಬಾಳಸಂಗಾತಿ ಎರಿನ್ ಹಾಫ್‌ಮನ್ ಹೆಸರು ಹೇಳದೆ ಬರೆದ ಬಹಿರಂಗ ಪತ್ರ ಈ ವಿಷಯವನ್ನು ಮೊದಲ ಬಾರಿಗೆ ಬೀದಿಗೆ ತಂದಿತು. ಓವರ್‌ಟೈಮ್ ಕೊಡಲಿಲ್ಲ ಎಂಬ ಮೊಕದ್ದಮೆಗಳಲ್ಲಿ ಆ ಕಂಪನಿ ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರುಗಳಿಗೆ 1.49 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಹದಿನಾಲ್ಕು ವರ್ಷ ಕಳೆದರೂ ಮಾತು ಬದಲಾಗಲಿಲ್ಲ: 2018ರಲ್ಲಿ ರಾಕ್‌ಸ್ಟಾರ್ ಕಂಪನಿಯ ಡ್ಯಾನ್ ಹೌಸರ್ ತಮ್ಮ ಹೊಸ ಗೇಮಿಗಾಗಿ ವಾರಕ್ಕೆ ನೂರು ಗಂಟೆ ದುಡಿದದ್ದನ್ನು ಹೆಮ್ಮೆಯಿಂದಲೇ ಹೇಳಿ, ವಿವಾದವಾದ ಮೇಲೆ ಅದು ಹಿರಿಯ ಬರಹಗಾರರ ಪುಟ್ಟ ತಂಡಕ್ಕೆ ಮಾತ್ರ ಅನ್ವಯ ಎಂದರು. ಇದು ದೂರದ ದೇಶದ ಸಂಗತಿ ಎನ್ನುವಂತಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ, ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ ಕೈಬದಲಾಗಿ 2019ರಲ್ಲಿ ಸೇರಿದ್ದು ಇದೇ ರಾಕ್‌ಸ್ಟಾರ್ ಬಳಗವನ್ನು.

ಹೆಸರಿನ ಮಾತೂ ಇಲ್ಲಿಯೇ ಬರಬೇಕು. ಅಟಾರಿ ತನ್ನ ಗೇಮುಗಳನ್ನು ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ಇದಕ್ಕೆ ಮುನಿದ ವಾರೆನ್ ರಾಬಿನೆಟ್ 1980ರ ‘ಅಡ್ವೆಂಚರ್’ ಆಟದೊಳಗೆ ಒಂದು ಗುಟ್ಟಿನ ಕೋಣೆ ಮಾಡಿ ತನ್ನ ಹೆಸರು ಬರೆದಿಟ್ಟ. ಅದನ್ನು ಪತ್ತೆಹಚ್ಚಿ ಕಂಪನಿಗೆ ತಿಳಿಸಿದವನು ಹದಿಹರೆಯದ ಒಬ್ಬ ಹುಡುಗ. ಅದೇ ಅಸಮಾಧಾನದಿಂದ ಅಟಾರಿ ಬಿಟ್ಟ ನಾಲ್ವರು ಪ್ರೋಗ್ರಾಮರುಗಳು 1979ರಲ್ಲಿ ಆ್ಯಕ್ಟಿವಿಷನ್ ಸ್ಥಾಪಿಸಿದರು. ಬಿಸಿನೀರಿನ ತೊಟ್ಟಿಯ ಕಂಪನಿಯದೇ ಕಥೆ ಇದು ಎಂಬುದನ್ನು ಮರೆಯಬಾರದು. ನಮ್ಮ ಮೇಳದ ಕರಪತ್ರದಲ್ಲಿ ಭಾಗವತರಿಂದ ಹಿಡಿದು ಹಾಸ್ಯಗಾರರ ತನಕ ಸಾಲಾಗಿ ಹೆಸರು ಇರುತ್ತದೆ, ಓದುವವರು ಅದನ್ನು ನೋಡಿಯೇ ಆಟಕ್ಕೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಹೊರಗುತ್ತಿಗೆಯಲ್ಲಿ ದೊಡ್ಡ ವಿದೇಶಿ ಗೇಮುಗಳಿಗೆ ಕಾರು, ಕಟ್ಟಡ, ಮರಗಳನ್ನು ಚಿತ್ರಿಸಿಕೊಡುವ ಭಾರತೀಯ ಕಲಾವಿದರಲ್ಲಿ ಎಷ್ಟೋ ಮಂದಿಗೆ ಈ ಕರಪತ್ರದ ಗೌರವ ಇನ್ನೂ ಸಿಕ್ಕಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಸಹಜವಾಗಿ ಚೌಕಿಯ ಕಡೆಯಿಂದಲೇ ಬರುತ್ತದೆ. ಮೇಳದ ಬದುಕನ್ನು ಚಂದ ಮಾಡಿ ಹೇಳುತ್ತೀರಲ್ಲ, ಆರು ತಿಂಗಳು ರಾತ್ರಿಯಿಡೀ ನಿದ್ದೆಗೆಟ್ಟು ಕುಣಿದವರಿಗೆ ಉಳಿದ ಆರು ತಿಂಗಳು ಏನು ಗತಿ? ಆಕ್ಷೇಪ ಸರಿಯಾದದ್ದೇ. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವುದು, ತಾಳಮದ್ದಳೆ, ಗದ್ದೆ ಕೆಲಸ, ಇವೆಲ್ಲ ಹವ್ಯಾಸಕ್ಕೆ ಅಲ್ಲ, ಹೊಟ್ಟೆಪಾಡಿಗೆ. ಬೀಳುವ ಪೆಟ್ಟು, ಬೆನ್ನುನೋವು, ನಿವೃತ್ತಿಯ ನಂತರದ ಬಡತನ ಚೌಕಿಯ ಹಳೆಯ ನೆಂಟರು. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮನಿಧಿ, ವಿಮೆ, ಅವರ ಮಕ್ಕಳ ಓದು, ಮನೆ ಎಂದು ದುಡಿಯಬೇಕಾಗಿ ಬಂದದ್ದೇ ಮೇಳದ ವ್ಯವಸ್ಥೆ ತನ್ನಷ್ಟಕ್ಕೆ ಅದನ್ನು ಮಾಡಲಿಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ. ಪತ್ತನಾಜೆ ಕೂಲಿಯ ಸಮಸ್ಯೆಯನ್ನು ಬಿಡಿಸಲಿಲ್ಲ, ಹೊತ್ತಿನ ಸಮಸ್ಯೆಯನ್ನು ಬಿಡಿಸಿತು. ಕೂಲಿಯದಕ್ಕೆ ಬೇರೆ ಸಂಘಟನೆ ಬೇಕಾಯಿತು. ಇತ್ತೀಚೆಗೆ ಅನೇಕ ಮೇಳಗಳು ಕಾಲಮಿತಿಗೆ ಬಂದು ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಿವೆ. ಹಳಬರಿಗೆ ಬೇಸರವಿದೆ, ಕಥೆ ಮೊಟಕಾಯಿತು ಎಂಬ ದೂರಿದೆ. ಆಟ ಮಾತ್ರ ನಿಂತಿಲ್ಲ.

ಎರಡನೆಯ ಆಕ್ಷೇಪ ಕಂಪನಿಯವರದು: ಪುಕ್ಕಟೆ ಊಟ, ಆಟದ ಕೋಣೆ, ವರ್ಷಕ್ಕೊಂದು ಪ್ರವಾಸ, ಇವೆಲ್ಲ ನಿಜವಾಗಿಯೂ ನೌಕರರಿಗೆ ಬೇಕಾದವು, ಇವನ್ನು ಏಕೆ ಹೀಗಳೆಯುತ್ತೀರಿ? ಹೀಗಳೆಯುವುದಿಲ್ಲ. ಆದರೆ ಉಡುಪಿಯವರಿಗೆ ಕೆಲಸದ ಜಾಗದ ಪುಕ್ಕಟೆ ಊಟದ ಬಗ್ಗೆ ಬೇರೆಯವರಿಗಿಂತ ಹೆಚ್ಚಿಗೆ ಗೊತ್ತು. ಕಾಪು, ಕಾರ್ಕಳ, ಶಿರ್ವದ ಕಡೆಯಿಂದ ಕಳೆದ ಶತಮಾನದಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಹೋದ ಹುಡುಗರಿಗೆ ಊಟ, ತಿಂಡಿ, ಮಲಗಲು ಜಾಗ ಎಲ್ಲ ಹೋಟೆಲಿನದೇ. ಮಲಗುವ ಜಾಗವೆಂದರೆ ಹೆಚ್ಚಾಗಿ ಗಿರಾಕಿಗಳೆಲ್ಲ ಎದ್ದುಹೋದ ಮೇಲಿನ ನೆಲ ಅಥವಾ ಮೇಜು. ಆ ಸವಲತ್ತುಗಳೇ ಅವರನ್ನು ಬೆಳಗಿನ ಐದರಿಂದ ರಾತ್ರಿಯ ತನಕ ಅಲ್ಲೇ ಇರಿಸಿದವು. ಅವರಲ್ಲಿ ಕೆಲವರು ಮುಂದೆ ಬ್ಯಾಂಕು, ಕಚೇರಿ, ಸ್ವಂತ ಹೋಟೆಲು ಎಂದು ಮೇಲೆ ಬಂದದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ, ಅಂದರೆ ಸಂಜೆಯ ಎರಡು ಮೂರು ಗಂಟೆ ಯಜಮಾನ ಬಿಟ್ಟುಕೊಟ್ಟದ್ದರಿಂದ. ಮನೆಗೆ ಹೋಗಬೇಕೆಂದೇ ಅನ್ನಿಸದ ಹಾಗೆ ಕಚೇರಿ ಕಟ್ಟುವುದು ಮೆಚ್ಚುಗೆಯೂ ಹೌದು, ಲೆಕ್ಕಾಚಾರವೂ ಹೌದು.

ಉಡುಪಿಯ ಗೇಮ್ ಉದ್ಯಮಕ್ಕೆ ಇಲ್ಲಿ ನಿಜವಾದ ಒಂದು ಅನುಕೂಲ ಇದೆ, ಅದು ಕಚೇರಿಯ ಒಳಗಿನದಲ್ಲ. ಕಾಪುವಿನಿಂದ ಉಡುಪಿಗೆ ಹದಿಮೂರು ಕಿಲೋಮೀಟರ್ ಆಸುಪಾಸು. ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಅರ್ಧ ಗಂಟೆ. ಬೆಂಗಳೂರಿನ ಸಹೋದ್ಯೋಗಿ ಹೊರವರ್ತುಲ ರಸ್ತೆಯಲ್ಲಿ ಕಳೆಯುವ ಹೊತ್ತು ಇಲ್ಲಿಯವನ ಸ್ವಂತದ್ದು. ಮಣಿಪಾಲದ ಎಂಐಟಿ 1957ರಿಂದ, ಕಾರ್ಕಳ ತಾಲ್ಲೂಕಿನ ನಿಟ್ಟೆಯ ಕಾಲೇಜು 1986ರಿಂದ, ಕಾಪು ಕಡೆಯ ಬಂಟಕಲ್ಲಿನ ಕಾಲೇಜು 2010ರಿಂದ ಎಂಜಿನಿಯರುಗಳನ್ನು ಹೊರತರುತ್ತಿವೆ. ಒಂದು ತಲೆಮಾರಿನ ಹಿಂದೆ ಅವರಲ್ಲಿ ಊರು ಬಿಡದೆ ದುಡಿಯಬಹುದಾಗಿದ್ದವರು ಹೆಚ್ಚಾಗಿ ಬ್ಯಾಂಕು ಸೇರಿದವರು. ಗೇಮ್ ಮಾಡಲಿಕ್ಕೆ ರಾಜಧಾನಿಯೇ ಆಗಬೇಕೆಂದಿಲ್ಲ ಎನ್ನುವುದಕ್ಕೆ ಕ್ಯೋಟೊ ಸಾಕ್ಷಿ. ದೇವಾಲಯಗಳ ಆ ಹಳೆಯ ಊರಿನಲ್ಲಿ 1889ರಲ್ಲಿ ಇಸ್ಪೀಟಿನಂಥ ಹನಫುದಾ ಎಲೆಗಳನ್ನು ಮಾಡಲು ಹುಟ್ಟಿದ ನಿಂಟೆಂಡೊ ಇಂದಿಗೂ ಟೋಕಿಯೊಗೆ ಮನೆ ಬದಲಿಸಿಲ್ಲ. ‘ವೀ ಯು’ ಯಂತ್ರ ಮಾರಾಟವಾಗದೆ ಕಂಪನಿ ಸೋತಾಗ, 2014ರಲ್ಲಿ, ಅಧ್ಯಕ್ಷ ಸತೋರು ಇವಾಟ ಐದು ತಿಂಗಳು ತನ್ನ ಸಂಬಳವನ್ನು ಅರ್ಧ ಕಡಿತ ಮಾಡಿಕೊಂಡರು. ಕೆಲಸ ಹೋಗುವ ಭಯದಲ್ಲಿರುವವರಿಂದ ಜನ ಮೆಚ್ಚುವ ಆಟ ಹುಟ್ಟುವುದು ಕಷ್ಟ ಎಂದು, ನೌಕರರನ್ನು ಏಕೆ ತೆಗೆಯುವುದಿಲ್ಲ ಎಂಬುದಕ್ಕೆ ಅವರು ಹಿಂದಿನ ವರ್ಷವೇ ಕಾರಣ ಕೊಟ್ಟಿದ್ದರು. ಜಪಾನಿನಲ್ಲಿ ನೌಕರರನ್ನು ಸುಲಭಕ್ಕೆ ತೆಗೆಯಲು ಕಾನೂನು ಬಿಡುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು, ಇಲ್ಲದಿದ್ದರೆ ಇದೂ ಷಾಂಪೇನಿನ ಕಥೆಯೇ ಆಗುತ್ತದೆ.

ಚಿಕ್ಕ ಊರಿನ ಅನುಕೂಲದ ಬೆನ್ನಿಗೇ ಅದರ ತೊಡಕೂ ಇದೆ, ಅದನ್ನು ಉಡುಪಿಯ ಅಭಿಮಾನಿಗಳು ಹೇಳುವುದು ಕಡಿಮೆ. ಬೆಂಗಳೂರಿನಲ್ಲಿ ಒಂದು ಸ್ಟುಡಿಯೊದ ಹೊತ್ತುಗೊತ್ತು ಹಿಡಿಸದಿದ್ದರೆ ಮುಂದಿನ ಕ್ರಾಸಿನಲ್ಲಿ ಇನ್ನೊಂದು; ಅಮೆರಿಕದ ಜಿಂಗಾ 2010ರಲ್ಲೇ ಅಲ್ಲಿ ಕಚೇರಿ ತೆರೆದಿತ್ತು. ಉಡುಪಿ, ಮಣಿಪಾಲದಲ್ಲಿ ಗೇಮ್ ಕಟ್ಟುವ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು. ಮನೆ, ಅಪ್ಪ ಅಮ್ಮ, ತೋಟ ಎಲ್ಲ ಹತ್ತಿರ ಇರುವವನಿಗೆ ಕೆಲಸ ಬಿಡುತ್ತೇನೆ ಎಂದು ಹೇಳುವ ಧೈರ್ಯ ಕಡಿಮೆ, ಮತ್ತು ಅದು ಎದುರಿನವನಿಗೂ ಗೊತ್ತು. ಬಿಟ್ಟುಹೋಗುವ ದಾರಿ ಇಕ್ಕಟ್ಟಾದಷ್ಟೂ ಹೊತ್ತಿನ ನಿಯಮ ಗಟ್ಟಿಯಾಗಿರಬೇಕು.

ನಿಯಮದ ಸ್ಥಿತಿ ಹೀಗಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ಪ್ರಕಟಿಸಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದಾಗ ಆ ಪಟ್ಟಿಯಲ್ಲಿ ಆ್ಯನಿಮೇಷನ್ ಮತ್ತು ಗೇಮಿಂಗ್ ಕೂಡ ಹೆಸರಿಟ್ಟೇ ಇದ್ದವು. ಅದೇ ವರ್ಷದ ಜುಲೈನಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಬಹುದಾದ ಪ್ರಸ್ತಾವ ಬಂತು, ಐಟಿ ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿದು ವಿರೋಧಿಸಿತು, 2025ರಲ್ಲಿ ಹನ್ನೆರಡು ಗಂಟೆಯ ಇನ್ನೊಂದು ರೂಪದಲ್ಲಿ ಅದು ಮತ್ತೆ ತಲೆಯೆತ್ತಿತು. ಆ ನವೆಂಬರಿನಲ್ಲಿ 1946ರ ಕಾಯ್ದೆಯ ಜಾಗಕ್ಕೆ ಕೇಂದ್ರದ ಕಾರ್ಮಿಕ ಸಂಹಿತೆ ಬಂದಿದೆ. ಇನ್ನೊಂದು ಕಡೆ 2012ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಆ್ಯನಿಮೇಷನ್, ಗೇಮಿಂಗ್ ನೀತಿ ತಂದ ರಾಜ್ಯ 2024ರ ಹೊಸ ನೀತಿಯಲ್ಲಿ 30,000 ಉದ್ಯೋಗದ ಗುರಿ ಇಟ್ಟಿದೆ, ಬೆಂಗಳೂರಿನಾಚೆಗೆ ಎಂದು ಕರಾವಳಿಯತ್ತ ಕೈ ತೋರಿಸುತ್ತಿದೆ. ಎಷ್ಟು ಕೆಲಸ ಎಂದು ಹೇಳುವ ನೀತಿ ಎಷ್ಟು ಹೊತ್ತಿನ ಕೆಲಸ ಎನ್ನುವುದನ್ನು ಬೇರೆ ಇಲಾಖೆಗೆ ಬಿಟ್ಟಿದೆ.

ಕೊನೆಯ ಆಕ್ಷೇಪ ಮಾರುಕಟ್ಟೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಲೈವ್ ಗೇಮನ್ನು ಎರಡು ತಿಂಗಳು ನಿಲ್ಲಿಸಿದರೆ ಆಟಗಾರ ಬೇರೆ ಆಟಕ್ಕೆ ಹೋಗುತ್ತಾನೆ, ಮಳೆಗಾಲ ಮುಗಿದ ಮೇಲೆ ಬಾ ಎಂದರೆ ಬರುವುದಿಲ್ಲ, ಭಕ್ತಿ ಇಲ್ಲಿಲ್ಲ. ಒಪ್ಪೋಣ. ಆದರೆ ಪತ್ತನಾಜೆ ಆಟಕ್ಕಲ್ಲ, ಆಡುವವರಿಗೆ. ಗೇಮ್ ನಡೆಯುತ್ತಲೇ ಇರಬಹುದು, ಒಂದು ತಂಡ ಅದರಿಂದ ಇಳಿದು ಇನ್ನೊಂದು ಏರಬಹುದು. ಮೇಳಗಳು ಹೆಚ್ಚಿದ್ದು ಹಾಗೆಯೇ. ರಾತ್ರಿ ಎದ್ದು ಸರಿಪಡಿಸಿದವನಿಗೆ ಮರುದಿನ ರಜೆ ಹಕ್ಕಾಗಿರಬಹುದು, ಉಪಕಾರವಾಗಿ ಅಲ್ಲ. ಕೆನಡದ ಐಡೋಸ್ ಮಾಂಟ್ರಿಯಲ್ 2021ರಲ್ಲಿ ಸಂಬಳ ಕಡಿಯದೆ ವಾರಕ್ಕೆ ನಾಲ್ಕೇ ದಿನದ ಕೆಲಸ ಎಂದು ಘೋಷಿಸಿತು. ಅದೇ ಸ್ಟುಡಿಯೊದಲ್ಲಿ 2024ರ ಜನವರಿಯಲ್ಲಿ 97 ಮಂದಿ ಕೆಲಸ ಕಳೆದುಕೊಂಡರು. ಕೈ ಬದಲಾಗಿ ಮಾಲೀಕನಾದ ಎಂಬ್ರೇಸರ್ ಬಳಗ ಸಾಲದ ಸುಳಿಗೆ ಸಿಕ್ಕಿತ್ತು. ಅಂದರೆ ಹೊತ್ತಿನ ಮಿತಿ ನಾಳೆಯ ಭರವಸೆ ಕೊಡುವುದಿಲ್ಲ. ಅದೇ ತಿಂಗಳು ಮೈಕ್ರೊಸಾಫ್ಟ್ ತನ್ನ ಗೇಮ್ ವಿಭಾಗದಲ್ಲಿ 1,900 ಮಂದಿಯನ್ನು ತೆಗೆಯಿತು, ಅಲ್ಲಿ ನಾಲ್ಕು ದಿನದ ವಾರವೂ ಇರಲಿಲ್ಲ. ಎರಡರಲ್ಲಿ ಯಾವುದು ಬೇಕು ಎಂದರೆ ಹೋಗುವ ಮುಂಚೆ ಮಕ್ಕಳ ಜೊತೆ ಊಟ ಮಾಡಲು ಬಿಟ್ಟ ಕೆಲಸವೇ ವಾಸಿ.

ನಿಟ್ಟೆಯಲ್ಲೋ ಬಂಟಕಲ್ಲಿನಲ್ಲೋ ಕ್ಯಾಂಪಸ್ ಸಂದರ್ಶನಕ್ಕೆ ಕೂತ ಹುಡುಗ ಹುಡುಗಿಯರಿಗೆ ಕಂಪನಿಯವರು ಆಟದ ಕೋಣೆಯ ಫೋಟೊ ತೋರಿಸುತ್ತಾರೆ. ಫೋಟೊ ನೋಡಿ ಆದ ಮೇಲೆ ಕೇಳಬೇಕಾದವು ಕೆಲವಿವೆ. ಕಳೆದ ಗೇಮ್ ಬಿಡುಗಡೆಯಾದ ತಿಂಗಳು ತಂಡದವರು ಸರಾಸರಿ ಎಷ್ಟಕ್ಕೆ ಮನೆಗೆ ಹೋದರು? ರಾತ್ರಿ ಕರೆ ಬಂದರೆ ಯಾರ ಪಾಳಿ, ಅದಕ್ಕೆ ಪ್ರತಿಯಾಗಿ ಏನು? ಬಿಡುಗಡೆಯಾದ ಗೇಮಿನಲ್ಲಿ ದೋಷ ಹುಡುಕುವ ಟೆಸ್ಟರ್‌ಗಳ ಹೆಸರೂ ಇರುತ್ತದೆಯೋ? ಉತ್ತರ ಕೊಡುವವರು ಒಂದು ಕ್ಷಣ ಯೋಚಿಸಿ ಅಂಕಿ ಹೇಳಿದರೆ ಅದು ಒಳ್ಳೆಯ ಕಂಪನಿಯೇ ಇರಬೇಕು. ನಾವೆಲ್ಲ ಇಲ್ಲಿ ಒಂದೇ ಮನೆಯವರ ಹಾಗೆ ಎಂದು ನಕ್ಕರೆ, ಆ ಮನೆಯಲ್ಲಿ ರಾತ್ರಿ ದೀಪ ಆರಿಸುವವರು ಯಾರು ಎಂದು ಇನ್ನೊಮ್ಮೆ ಕೇಳಬಹುದು.